ಬಾಗಿಲಿಗೆ ನಂಬರು ಬರೆದ ಮೇಷ್ಟ್ರು

ನಮ್ಮ ಮೇಷ್ಟ್ರ ಹಿಮ್ಮಡಿ ಎಷ್ಟು ಬಿರುಕು ಬಿಟ್ಟಿತ್ತೆಂದರೆ, ಅದರಲ್ಲಿ ಬಳಪದ ಕಡ್ಡಿ ಸಿಕ್ಕಿಸಿದರೆ ನೆಟ್ಟಗೆ ನಿಲ್ಲುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ, ನಾನೇ ಸಿಕ್ಕಿಸಿ ನೋಡಿದ್ದೇನೆ. ಆಗ ಮೂರನೇ ಕ್ಲಾಸು. ಅವರು ಕುರ್ಚಿಯಲ್ಲಿ ಕೂತು, ಎರಡೂ ಕಾಲನ್ನು ಕುರ್ಚಿಯ ಅಡಿಗೆ ಮಡಿಸಿಕೊಂಡು ಕಾಪಿ ಪುಸ್ತಕ ತಿದ್ದುತ್ತಿದ್ದರು. ಸ್ಲೇಟು ತೋರಿಸುವ ನೆವದಲ್ಲಿ ನಾನು ಹಿಂದೆ ಹೋಗಿ, ಬಗ್ಗಿ, ಬಲಗಾಲಿನ ಬಿರುಕಿನಲ್ಲಿ ಬಳಪ ನೆಟ್ಟು ಬಂದೆ. ಅವರಿಗೆ ತಿಳಿಯಲೇ ಇಲ್ಲ. ಎದ್ದು ಬೋರ್ಡಿನ ತನಕ ನಡೆದರು, ಹಿಂದೆ ಬಳಪವೂ ನಡೆಯಿತು. ಇಡೀ ಕ್ಲಾಸು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಿತು. ಅವರು ಕಾಲೆತ್ತಿ ನೋಡಿ, ಬಳಪ ಕಿತ್ತು, "ಯಾರ್ದ್ಲಾ ಇದು?" ಎಂದರು. ಎಲ್ಲರೂ ಸ್ಲೇಟಿನ ಮೇಲೆ ಬಗ್ಗಿದೆವು. "ಯಾರ್ದೂ ಅಲ್ವಾ? ಹಂಗಾದ್ರೆ ನನ್ ಕಾಲಲ್ಲೇ ಬೆಳೆದೈತೆ" ಎಂದು ಜೇಬಿಗೆ ಹಾಕಿಕೊಂಡರು. ಸಂಜೆ ಮನೆಗೆ ಹೊರಟಾಗ ನನ್ನನ್ನು ಕರೆದು ಅದನ್ನು ಕೈಗಿಟ್ಟು, "ಬೆಳೆ ಕೊಯ್ಲಿಗೆ ಬಂದೈತೆ, ತಗೊಳವ್ವ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆ ಹಿಮ್ಮಡಿಗೆ ಕಾರಣ ನಡಿಗೆ. ಅವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಒಂದು ಸಲ ಕಲಿಯಲು ಹೋಗಿ ಯಾರದೋ ರಾಗಿ ಹೊಲದಲ್ಲಿ ಸೈಕಲ್ ಸಮೇತ ಮಲಗಿ, ಹೊಲದವನಿಂದ ಬೈಸಿಕೊಂಡು, ಅಲ್ಲಿಗೆ ಆ ವಿದ್ಯೆಗೆ ಕೈ ಮುಗಿದರಂತೆ. ನಮ್ಮದು ಜಾವಗಲ್ ಹತ್ತಿರದ ಹಳ್ಳಿ. ಅವರ ಮನೆ ಇದ್ದದ್ದು ಮೂರು ಮೈಲಿ ಆಚೆ. ದಿನಾ ನಡೆದು ಬರುತ್ತಿದ್ದರು, ನಡೆದು ಹೋಗುತ್ತಿದ್ದರು. ಮಧ್ಯೆ ಯಾರ ಮನೆಯ ಮಗು ಶಾಲೆಗೆ ಬಂದಿಲ್ಲವೋ ಅವರ ಮನೆಗೂ ಹೋಗಿ ಬರುತ್ತಿದ್ದರು. ಅದೂ ಸೇರಿದರೆ ಎಷ್ಟು ಮೈಲಿಯಾಗುತ್ತಿತ್ತೋ ದೇವರೇ ಬಲ್ಲ.

ಅವರ ಹಾಜರಿ ಪುಸ್ತಕ ಊರಿಗೆಲ್ಲ ತಮಾಷೆಯ ವಸ್ತುವಾಗಿತ್ತು. ಬಾರದ ಮಗುವಿನ ಹೆಸರಿನ ಮುಂದೆ ಬೇರೆ ಮೇಷ್ಟ್ರುಗಳು ಒಂದು ಸೊನ್ನೆ ಸುತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಸೊನ್ನೆ ಹಾಕಿದವರಲ್ಲ. ಆ ಚಿಕ್ಕ ಚೌಕದೊಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಮಗು ಎಲ್ಲಿದೆ ಎಂದು ಬರೆಯುತ್ತಿದ್ದರು. "ದನ", "ಜ್ವರ", "ಅಜ್ಜಿ ಊರು", "ಕಡಲೆಕಾಯಿ ಕೀಳಲು". ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಒಂದು ಸಲ ಪುಸ್ತಕ ಬಿಸಾಡಿ, "ಏನ್ರೀ ಇದು, ಹಾಜರಿಯೋ ಹರಿಕಥೆಯೋ?" ಎಂದು ರೇಗಿದರು. ಮೇಷ್ಟ್ರು ಪುಸ್ತಕ ಎತ್ತಿ ಧೂಳು ಒರೆಸಿ, "ಇಲ್ಲ ಅಂತ ಹೆಂಗೆ ಬರೀಲಿ ಸಾರ್? ಎಲ್ಲೋ ಒಂದು ಕಡೆ ಇದ್ದೇ ಇರ್ತವಲ್ಲ" ಎಂದರು. ನಾವೆಲ್ಲ ಅಲ್ಲೇ ಕೂತಿದ್ದೆವು. ಇನ್‌ಸ್ಪೆಕ್ಟರು ಎಳನೀರು ಕುಡಿದು ಹೋದರು.

ನನ್ನ ಹೆಸರಿನ ಮುಂದೆಯೂ ಒಂದು ಸಲ ಒಂದು ತಿಂಗಳುದ್ದ "ಅವ್ವನ ಬಾಣಂತನ" ಎಂದು ಬಿತ್ತು. ಆಗ ಏಳನೇ ಕ್ಲಾಸು ಮುಗಿಯುತ್ತಿತ್ತು. ಬಾಣಂತನ ಮುಗಿದರೂ ಅಪ್ಪ ಕಳಿಸಲಿಲ್ಲ, ಓದಿದ್ದು ಸಾಕು ಎಂದುಬಿಟ್ಟ. ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು. ಅಪ್ಪ ಹೊಲಕ್ಕೆ ಹೋದ. ಮಾರನೆಯ ದಿನವೂ ಬಂದು ಕೂತರು, ಅದರ ಮಾರನೆಯ ದಿನವೂ ಬಂದರು. ವಾದ ಮಾಡಲಿಲ್ಲ, ಉಪದೇಶ ಹೇಳಲಿಲ್ಲ, ಸುಮ್ಮನೆ ಕೂತು ನಮ್ಮವ್ವ ಕೊಟ್ಟ ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ನಾಲ್ಕನೆಯ ದಿನ ಅಪ್ಪನೇ ತಾಳಲಾರದೆ, "ಥೂ, ಕರ್ಕೊಂಡೋಗಿ ಮೇಷ್ಟ್ರೇ, ನಿಮ್ ಕಾಟ ಸಾಕಾಯ್ತು" ಎಂದ. ನಾನು ಜಾವಗಲ್ಲಿನ ಹೈಸ್ಕೂಲು ಸೇರಿದ್ದು, ಎಸ್ಸೆಸ್ಸೆಲ್ಸಿ ಪಾಸಾದದ್ದು, ಅರಸೀಕೆರೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದದ್ದು, ಎಲ್ಲ ಆ ಜಗಲಿಯ ಮೂರು ದಿನದಿಂದ. ಇವತ್ತು ನಾನು ಉಣ್ಣುವ ಅನ್ನ ಅವರದು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಂಥವರಿಗೆ ನಾನು ಮಾಡಿದ್ದೇನು ಎಂಬುದನ್ನೂ ಹೇಳಬೇಕಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತೊಂದರ ಜನಗಣತಿಗೆ ಮೇಷ್ಟ್ರನ್ನೇ ನಮ್ಮ ಕಡೆಯ ಎಣಿಕೆದಾರರನ್ನಾಗಿ ಹಾಕಿದ್ದರು. ಆ ಕಾಗದಪತ್ರ ಸೇರುತ್ತಿದ್ದದ್ದು ನಮ್ಮ ಕಚೇರಿಗೆ, ನನ್ನ ಮೇಜಿಗೆ. ಮೊದಲ ದಿನ ಬಂದು ಎದುರು ನಿಂತು, "ಈಗ ನೀನು ಮೇಷ್ಟ್ರು ಕಣವ್ವ, ನಾನು ಹುಡುಗ. ತಪ್ಪು ಮಾಡಿದ್ರೆ ಕಿವಿ ಹಿಂಡು" ಎಂದರು. ಪಕ್ಕದ ಮೇಜಿನವರು ನಕ್ಕರು. ನನಗೆ ನಾಚಿಕೆಯೂ ಆಯಿತು, ಸತ್ಯ ಹೇಳಬೇಕೆಂದರೆ ಸ್ವಲ್ಪ ಜಂಬವೂ ಆಯಿತು.

ಗಣತಿಗೆ ಎರಡು ಹಂತ. ಮೊದಲು, ಹಿಂದಿನ ವರ್ಷವೇ, ಮನೆಗಳ ಪಟ್ಟಿ ಮಾಡಿ ಬಾಗಿಲಿಗೆ ನಂಬರು ಬರೆಯುವುದು. ಆಮೇಲೆ ಫೆಬ್ರವರಿಯಲ್ಲಿ ಮನೆಮನೆಗೆ ಹೋಗಿ ತಲೆ ಎಣಿಸುವುದು. ಮನೆಪಟ್ಟಿಯ ಕೆಲಸ ಬಂದದ್ದು ಬೇಸಗೆಯಲ್ಲಿ. ಮೇಷ್ಟ್ರು ಜಾಜಿನ ಕೆಂಪುಮಣ್ಣು ಕಲಸಿಕೊಂಡು, ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಊರೂರು ತಿರುಗಿದರು. ಕೊನೆಗೆ ಹಳ್ಳದ ಆಚೆಯ ಲಂಬಾಣಿ ತಾಂಡಾಕ್ಕೆ ಹೋದರು.

ಆ ತಾಂಡಾದಲ್ಲಿ ಮೂವತ್ತಾರು ಗುಡಿಸಲು. ಒಂದು ಕಾಲಕ್ಕೆ ಕಾಡಿನ ಸೌದೆ ಮಾರಿ ಬದುಕಿದವರು. ಅದು ನಿಂತಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಬೇಲೂರಿನ ಆಚೆಯ ಕಾಫಿ ತೋಟಗಳಿಗೆ ಕೊಯ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಮಕ್ಕಳೂ ಜೊತೆಯಲ್ಲೇ. ಅಲ್ಲಿ ಶಾಲೆ ಇಲ್ಲ, ಬಂದಮೇಲೆ ಇಲ್ಲಿಯ ಪಾಠ ಮುಗಿದಿರುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟಿ ನಮ್ಮೂರಿನ ಶಾಲೆಗೆ ಬರಲಾಗದು. ತಾಂಡಾಕ್ಕೇ ಒಂದು ಶಾಲೆ ಬಂದರೆ ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಬಿಟ್ಟುಹೋಗಬಹುದು ಎಂದು ಅಲ್ಲಿಯ ನಾಯಕ ಹತ್ತು ಕಡೆ ಅರ್ಜಿ ಕೊಟ್ಟಿದ್ದ. ಎಲ್ಲ ಕಡೆಯೂ ಒಂದೇ ಉತ್ತರ: ಎಷ್ಟು ಜನ ಇದ್ದೀರಿ, ಎಷ್ಟು ಮಕ್ಕಳಿದ್ದಾವೆ, ಗಣತಿ ಆಗಲಿ, ನೋಡೋಣ.

ಅವತ್ತು ಏನಾಯಿತು ಎಂಬುದನ್ನು ಮೇಷ್ಟ್ರೇ ನನಗೆ ಎಷ್ಟೋ ಸಲ ಹೇಳಿದ್ದಾರೆ. ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಳಿಯಲು ಹೋದಾಗ ಹೆಂಗಸರು ಅಡ್ಡ ನಿಂತರಂತೆ. ಯಾಕೆ ಬರೆಯುತ್ತೀರಿ, ಗುಡಿಸಲು ಕೀಳಿಸಲಿಕ್ಕೋ, ಗಂಡಸರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಲಿಕ್ಕೋ ಎಂದು ಜಗಳ. ಆ ಕಾಲದಲ್ಲಿ ಅಂಥ ಭಯವೂ ಇತ್ತು. ಮೇಷ್ಟ್ರು ಕುಂಚ ಕೆಳಗಿಟ್ಟು, "ಈ ನಂಬರ್ ಬಿದ್ರೆ ನೀವು ಸರ್ಕಾರದ ಲೆಕ್ಕಕ್ಕೆ ಸೇರ್ದಂಗೆ. ನಿಮ್ ಮಕ್ಕಳಿಗೆ ಇಸ್ಕೂಲು ಬತ್ತದೆ. ನಾನು ಹೇಳ್ತೀನಿ, ನನ್ ಮಾತ್ ನಂಬಿ" ಎಂದರು. ನಾಯಕ ಎಲ್ಲರಿಗೂ ಅವರ ಭಾಷೆಯಲ್ಲಿ ಹೇಳಿದ. ನಂಬಿದರು. ನಂಬಿದ ಮೇಲೆ ಹೆಂಗಸರು ಗೋಡೆ ಸಾರಿಸುವಾಗ ನಂಬರಿನ ಸುತ್ತ ಬಿಟ್ಟು ಸಾರಿಸುತ್ತಿದ್ದರಂತೆ.

ಫೆಬ್ರವರಿಯಲ್ಲಿ ತಲೆ ಎಣಿಕೆ ಶುರುವಾಯಿತು. ವಯಸ್ಸು ಬರೆಸುವುದು ಎಂಥ ಫಜೀತಿ ಎಂಬುದನ್ನು ಎಣಿಕೆ ಮಾಡಿದವರೇ ಬಲ್ಲರು. ನಮ್ಮ ಕಡೆ ಮುದುಕರಿಗೆಲ್ಲ ಒಂದೇ ವಯಸ್ಸು, ಅರವತ್ತು. ಹತ್ತು ವರ್ಷದ ಹಿಂದೆಯೂ ಅರವತ್ತು, ಈಗಲೂ ಅರವತ್ತು. "ಇಡೀ ಊರೇ ಅರವತ್ತಕ್ಕೆ ನಿಂತ್ರೆ ನಾನೇನ್ ಮಾಡ್ಲಿ" ಎಂದು ಮೇಷ್ಟ್ರು ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದರು. ಪ್ಲೇಗು ಬಂದು ಊರು ಬಿಟ್ಟ ವರ್ಷ, ಕೆರೆ ಏರಿ ಒಡೆದ ವರ್ಷ, ಸ್ವಾತಂತ್ರ್ಯ ಬಂದ ವರ್ಷ, ಮೊದಲ ಬಸ್ಸು ಬಂದ ವರ್ಷ ಎಂದು ಒಂದು ಚೀಟಿ ಮಾಡಿಟ್ಟುಕೊಂಡು, ಆಗ ನಿನಗೆ ಹಲ್ಲು ಬಿದ್ದಿತ್ತಾ, ಮದುವೆಯಾಗಿತ್ತಾ ಎಂದು ಕೇಳುತ್ತಾ ಹೋದರು. ಒಬ್ಬ ಅಜ್ಜಿ ಅದಕ್ಕೂ ಬಗ್ಗದೆ, "ನಿಂಗೆಷ್ಟು ಬೇಕೋ ಅಷ್ಟು ಬರ್ಕಳಪ್ಪ, ನಾನೇನು ಜಗಳಕ್ಕೆ ಬರಾಕಿಲ್ಲ" ಎಂದಳಂತೆ. ಅದನ್ನು ಹೇಳಿ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಫೆಬ್ರವರಿಯ ಮೂರನೇ ವಾರ ಇರಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಷ್ಟ್ರು ನಮ್ಮ ಕಚೇರಿಗೆ ಬಂದರು. ಮುಖ ಬಾಡಿತ್ತು. ನೀರು ಕೊಟ್ಟೆ, ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, "ತಾಂಡಾಕ್ಕೆ ಹೋಗಿದ್ದೆ ಕಣವ್ವ. ಬಾಗಿಲಿಗೆಲ್ಲ ಮುಳ್ಳುಕಂಟಿ ಇಟ್ಟು ಹೋಗವ್ರೆ. ಹನ್ನೊಂದು ಜನ ಅವ್ರೆ, ಎಲ್ಲ ಮುದುಕ್ರು. ಒಂದು ಮಗು ಇಲ್ಲ" ಎಂದರು. ಕೊಯ್ಲಿಗೆ ಹೋದವರು ಮಾರ್ಚ್ ಕಳೆಯದೆ ಬರುವುದಿಲ್ಲ. "ಹೆಸರು, ವಯಸ್ಸು ಎಲ್ಲ ನಾಯಕ ಹೇಳ್ತಾನೆ. ಅವರ ಮನೆ ಇಲ್ಲೇ ಐತೆ, ನಂಬರೂ ಐತೆ. ಬರ್ಕೊಂಬಿಡ್ಲಾ?"

ನನ್ನ ಮೇಜಿನ ಮೇಲೆ ಕಾಗದದ ರಾಶಿ. ಮೇಲಿನವರು ಬೆಳಗಿನಿಂದ ಎರಡು ಸಲ ಬೈದಿದ್ದರು. ನಾನು ಸೂಚನೆಯ ಪುಸ್ತಕ ತೆಗೆದು ಬೆರಳಿಟ್ಟು ಓದಿದೆ. ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಮನೆಯಲ್ಲಿ ಬರೆಯಬಾರದು, ಅವರು ಎಲ್ಲಿದ್ದಾರೋ ಅಲ್ಲಿಯವರು ಬರೆದುಕೊಳ್ಳುತ್ತಾರೆ. "ಸ್ಪಷ್ಟವಾಗಿದೆಯಲ್ಲ ಸಾರ್. ಇಲ್ಲಿ ಬರೆದು ಅಲ್ಲೂ ಬರೆದರೆ ಎರಡೆರಡು ಸಲ ಆಗುತ್ತೆ. ಅಲ್ಲಿ ಬರ್ಕೊಂಡಿರ್ತಾರೆ ಬಿಡಿ" ಎಂದೆ. ಹೇಳಿದ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ದಡ್ಡ ಹುಡುಗನಿಗೆ ಮೂರನೇ ಸಲ ಲೆಕ್ಕ ಹೇಳಿಕೊಡುವ ಧಾಟಿ. ಅವರು ನನಗೆ ಯಾವತ್ತೂ ಆ ಧಾಟಿಯಲ್ಲಿ ಹೇಳಿಕೊಟ್ಟವರಲ್ಲ.

"ನೀನು ಓದಿ ಹೇಳಿದ್ಮೇಲೆ ಸರಿಯೇ ಬಿಡು" ಎಂದು ನೀರು ಕುಡಿದು ಲೋಟ ಇಟ್ಟರು. ಬಾಗಿಲಿನ ತನಕ ಹೋಗಿ ಮತ್ತೆ ತಿರುಗಿ, "ಖಂಡಿತ ಬರ್ಕೊಂಡಿರ್ತಾರಲ್ವಾ?" ಎಂದರು. "ಅಯ್ಯೋ ಹೌದು ಸಾರ್" ಎಂದೆ. ಅವರು ಹನ್ನೊಂದು ಜನರನ್ನೇ ಬರೆದು ಸಹಿ ಹಾಕಿ ಒಪ್ಪಿಸಿದರು.

ಆದರೂ ಅವರ ಜೀವ ತಡೆಯಲಿಲ್ಲ. ತಮ್ಮ ಪಾಲಿನ ಊರುಗಳ ಎಣಿಕೆ ಮುಗಿಯುವ ತನಕ ಕದಲುವಂತಿರಲಿಲ್ಲ. ಮುಗಿದ ಮೇಲೆ ಮಾರ್ಚ್ ಎರಡನೇ ಭಾನುವಾರ ಬೆಳಿಗ್ಗೆಯೇ ಕಾಫಿ ತೋಟಕ್ಕೆ ಹೊರಟರು. ಬೇಲೂರಿನಲ್ಲಿ ನನ್ನ ದೊಡ್ಡಮ್ಮನ ಮನೆ ಇತ್ತು. ಅದನ್ನೇ ನೆಪ ಮಾಡಿಕೊಂಡು ನಾನೂ ಜೊತೆ ಹೊರಟೆ. ನೆಪ ಎಂದು ಅವರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, "ನಿಮ್ ದೊಡ್ಡಮ್ಮಂಗೆ ಏನೂ ತಗೊಂಡಿಲ್ವಲ್ಲವ್ವ" ಎಂದು ಛೇಡಿಸಿದರು.

ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸದಿಗಳ ಹತ್ತಿರ ಅವರ ಹಳೆಯ ಸ್ನೇಹಿತರೊಬ್ಬರ ಮನೆ, ಅವರೂ ಮೇಷ್ಟ್ರು, ಜೈನರು, ತಮ್ಮ ಬೀದಿಯ ಎಣಿಕೆ ತಾವೇ ಮಾಡಿದವರು. ಅರ್ಧ ಗಂಟೆ ಕೂತೆವು. ಅವರು ಬೆಲ್ಲದ ಪಾನಕ ಕೊಟ್ಟು, "ನಮ್ಮ ಬೀದಿ ಎಣಿಸೋಕೆ ಅರ್ಧ ದಿನ ಸಾಕಾಯ್ತು ನೋಡಿ. ಹೆಣ್ಣುಮಕ್ಕಳು ಮದುವೆಯಾಗಿ ಹೋದವು, ಗಂಡುಮಕ್ಕಳು ಅಂಗಡಿ ಅಂತ ಹಾಸನ, ತುಮಕೂರು ಸೇರಿದವು. ಈಗ ಒಂದು ಪೂಜೆಗೆ ನಾಲ್ಕು ಜನ ಕೂಡಿಸಬೇಕು ಅಂದರೆ ಊರೂರಿಗೆ ಕಾಗದ ಬರೀಬೇಕು" ಎಂದರು. "ಅಲ್ಲಲ್ಲಿ ಬರೆಸಿಕೊಂಡಿರ್ತಾರೆ, ಅದೊಂದು ಸಮಾಧಾನ" ಎಂದೂ ಸೇರಿಸಿದರು. ಮೇಷ್ಟ್ರು ಅರ್ಧ ಲೋಟ ಪಾನಕ ಬಿಟ್ಟು ಎದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

ತಾಂಡಾದವರೆಲ್ಲ ಆ ವರ್ಷ ಒಂದೇ ತೋಟಕ್ಕೆ ಹೋಗಿದ್ದಾರೆಂದು ನಾಯಕ ಹೇಳಿದ್ದ. ಬೇಲೂರಿನಿಂದ ಇನ್ನೊಂದು ಬಸ್ಸು, ಇಳಿದು ಎರಡು ಮೈಲಿ ನಡಿಗೆ. ತೋಟದ ಬಾಗಿಲಲ್ಲೇ ರೈಟರು ಸಿಕ್ಕಿದರು. ತೋಟದ ಆಳುಕಾಳು, ಹಾಜರಿ ಎಲ್ಲ ನೋಡಿಕೊಳ್ಳುವ ಮನುಷ್ಯ, ಮರ್ಯಾದಸ್ಥ. ಮೇಷ್ಟ್ರು ಕೈ ಮುಗಿದು, "ನಮ್ಮ ತಾಂಡಾದೋರು ಇಲ್ಲವ್ರಲ್ಲ ಸ್ವಾಮಿ, ಅವ್ರನ್ನ ಗಣತೀಲಿ ಬರ್ಕೊಂಡ್ರಾ?" ಎಂದು ಕೇಳಿದರು. "ಇಲ್ಲ ಮೇಷ್ಟ್ರೇ. ಎಣಿಕೆಗೆ ಬಂದಿದ್ರು, ನಾನೇ ಲೈನ್ ಮನೆಗಳ ಹತ್ರ ಕರ್ಕೊಂಡು ಹೋಗಿದ್ದೆ. ಅವರೇ ಬೇಡ ಅಂದ್ರು" ಎಂದರು ರೈಟರು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ಲೈನ್ ಮನೆ ಎಂದರೆ ಕೂಲಿಯವರಿಗೆ ಉದ್ದಕ್ಕೆ ಒಂದೇ ಸಾಲಾಗಿ ಕಟ್ಟಿದ ಕೋಣೆಗಳು. ಭಾನುವಾರವಾದ್ದರಿಂದ ಎಲ್ಲರೂ ಇದ್ದರು. ಬಟ್ಟೆ ಒಗೆಯುವವರು, ತಲೆ ಬಾಚುವವರು, ಅಂಗಳದ ತುಂಬ ಮಕ್ಕಳು. ಮೇಷ್ಟ್ರನ್ನು ಕಂಡದ್ದೇ ತಡ, ಓಡಿ ಬಂದು ಸುತ್ತ ನಿಂತರು. ಯಾರೋ ಚಾಪೆ ಹಾಸಿದರು, ಯಾರೋ ಕಾಫಿಗೆ ನೀರಿಟ್ಟರು. ನಾಯಕನ ಮಗ ಮೂವತ್ತು ವರ್ಷದವನು, ಅಲ್ಲಿಯ ಗುಂಪಿಗೆಲ್ಲ ಅವನೇ ಮೇಸ್ತ್ರಿ. ಅವನು ಹೆಮ್ಮೆಯಿಂದ ಎದೆಯುಬ್ಬಿಸಿ ಹೇಳಿದ:

"ಬಂದಿದ್ರು ಸಾ, ಬರ್ಕಳಾಕೆ. ನಾವು ಬಿಡ್ಲಿಲ್ಲ. ನಮ್ಮನ್ನ ನಮ್ ಮೇಷ್ಟ್ರು ಆಗ್ಲೇ ಬರ್ಕೊಂಡವ್ರೆ, ಮನೆಗೆ ನಂಬರು ಹಾಕವ್ರೆ, ನಿಮ್ ಲೆಕ್ಕದಾಗೆ ಸೇರಾಕಿಲ್ಲ ಅಂದ್ಬುಟ್ವಿ. ಇಲ್ಲಿ ಸೇರ್ಕಂಡ್ರೆ ನಮ್ ಇಸ್ಕೂಲು ಇಲ್ಲಿಯೋರಿಗೆ ಹೋಗ್ಬುಡ್ತದಲ್ಲ ಸಾ!"

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಒಬ್ಬ ಹೆಂಗಸು, "ನಮ್ದು ಹದಿನೇಳು" ಎಂದು ತನ್ನ ಗುಡಿಸಲಿನ ನಂಬರು ಹೇಳಿ ನಕ್ಕಳು. ಇನ್ನೊಬ್ಬಳು ತನ್ನದು ಹೇಳಿದಳು. ಅಷ್ಟೂ ಜನಕ್ಕೆ ತಮ್ಮ ತಮ್ಮ ನಂಬರು ಬಾಯಿಪಾಠವಾಗಿತ್ತು. ಮೇಷ್ಟ್ರು ಅವರಿಗೆ ಮಾಡಿದ ಒಂದೇ ಒಂದು ಪಾಠ ಅದು, ಅದನ್ನು ಅವರು ಚಾಚೂ ತಪ್ಪದೆ ಒಪ್ಪಿಸುತ್ತಿದ್ದರು. ನಾನು ಮೇಷ್ಟ್ರ ಮುಖ ನೋಡಲಾರದೆ ಅಂಗಳದ ಕಡೆ ತಿರುಗಿದೆ.

ಅವರು ಬೈಯಲಿಲ್ಲ. ತಪ್ಪು ತಿದ್ದಲೂ ಇಲ್ಲ. "ಒಳ್ಳೇದು ಮಾಡಿದ್ರಿ" ಎಂದರು. ಆಮೇಲೆ ಚೀಲದಿಂದ ಗೆರೆ ಹಾಕಿದ ಹಾಳೆ ತೆಗೆದು, "ಇನ್ನೊಂದ್ಸಲ ಬರ್ಕೊಂತೀನಿ. ಒಂದೆರಡು ಹೆಸರು ಬಿಟ್ಟೋಗವೆ ಅಂತ ಕಾಣ್ತದೆ" ಎಂದರು. ಚಾಪೆಯ ಮೇಲೆ ಕೂತು ಒಂದೊಂದು ಮನೆಯವರನ್ನೂ ಕರೆದು, ಹೆಸರು, ವಯಸ್ಸು, ಮಾತೃಭಾಷೆ, ಮಕ್ಕಳೆಷ್ಟು, ಎಲ್ಲವನ್ನೂ ಬರೆದರು. ನಾನು ಪಕ್ಕದಲ್ಲಿ ಕೂತು ಗೆರೆ ಹಾಕಿ ಕೊಟ್ಟೆ. ನಾಲ್ಕು ತಿಂಗಳ ಕೂಸೊಂದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಅದರ ತಾಯಿ, "ಬರ್ಯಾಕೆ ಹೆಸ್ರು ಬೇಕಾ ಸಾ? ಹಂಗಾದ್ರೆ ನೀವೇ ಒಂದ್ ಇಡಿ" ಎಂದಳು. ಮೇಷ್ಟ್ರು ಯೋಚಿಸಿ ಒಂದು ಹೆಸರಿಟ್ಟು ಬರೆದರು. ಬಿಸಿಲು ಇಳಿಯುವ ಹೊತ್ತಿಗೆ ಮುಗಿಯಿತು. ನಾವು ಹೊರಟಾಗ ಮಕ್ಕಳು ತೋಟದ ಬಾಗಿಲಿನ ತನಕ ಜೊತೆಗೆ ಬಂದವು.

ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ಕಲ್ಲಿನ ಮೇಲೆ ಕೂತಾಗ ಅವರು ಒಂದು ಮಾತು ಹೇಳಿದರು. "ನನ್ ಮಾತ್ ನಂಬಿ ಅಂತ ನಾನೇ ಹೇಳಿದ್ದು ಕಣವ್ವ." ನಾನು, "ಅಲ್ಲ ಸಾರ್, ನಾನು ಅವತ್ತು ಬರೆದುಕೊಳ್ಳಿ ಅಂದಿದ್ದರೆ..." ಎಂದೆ. "ನೀನು ಪುಸ್ತಕದಲ್ಲಿ ಇದ್ದಿದ್ದು ಓದ್ದೆ, ನಿನ್ ತಪ್ಪೇನೈತೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೇಲೂರಿಗೆ ಬಂದ ಮೇಲೆ ದೊಡ್ಡಮ್ಮನ ಮನೆಗೆ ಹೋಗುವ ಮನಸ್ಸೇ ಆಗಲಿಲ್ಲ, ಅವರ ಜೊತೆಯೇ ವಾಪಸ್ಸು ಬಂದೆ.

ಆಮೇಲಿನದು ಕಚೇರಿಯ ಕಥೆ, ಕಚೇರಿಯ ಕಥೆಗಳೆಲ್ಲ ಒಂದೇ ಥರ. ಹಾಳೆಗಳನ್ನು ಸೂಜಿದಾರದಲ್ಲಿ ಹೊಲಿದು ಮೇಷ್ಟ್ರು ತಂದುಕೊಟ್ಟರು. ನಾನು ಮೇಲಿನವರ ಮುಂದೆ ಹಿಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಓದಿ, ಕನ್ನಡಕ ತೆಗೆದು, "ಏನಮ್ಮ ಮಾಡೋದು? ನಮ್ಮ ಕಾಗದ ಎಲ್ಲ ಮೇಲಕ್ಕೆ ಹೋಗಿಯಾಯ್ತು. ಇವರು ಸಿಕ್ಕಿದ್ದು ನಮ್ಮ ಗಡಿಯಲ್ಲೂ ಅಲ್ಲ. ಆ ಕಡೆಗೆ ಕಳಿಸು" ಎಂದರು. ಬೇಲೂರಿನ ಕಚೇರಿಗೆ ಕಳಿಸಿದೆ. ಅಲ್ಲಿಯವರು, ಈ ಜನ ನಮ್ಮ ಊರಿನವರಲ್ಲ, ಎಣಿಕೆಯ ದಿನಗಳೂ ಮುಗಿದಿವೆ ಎಂದು ಬರೆದು ನಮಗೇ ವಾಪಸ್ಸು ಕಳಿಸಿದರು. ನಾನು ಮತ್ತೆ ಬರೆದೆ, ಮತ್ತೆ ಬಂತು. ಮೂರನೇ ಸಲ ಕಳಿಸಲು ಹೊರಟಾಗ ಮೇಲಿನವರೇ ತಡೆದು, ಸಾಕು ಬಿಡು ಎಂದರು. ಹಾಳೆಗಳು ನನ್ನ ಬೀರುವಿನಲ್ಲಿ ಕೂತವು. ತಾಂಡಾಕ್ಕೂ ಆ ತೋಟಕ್ಕೂ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇಲ್ಲಿಯವರಿಗೂ ಅವರು ಇಲ್ಲ, ಅಲ್ಲಿಯವರಿಗೂ ಅವರು ಇಲ್ಲ. ನೂರಕ್ಕೂ ಹೆಚ್ಚು ಜನ ಬದುಕಿದ್ದಾರೆ, ಕೆಲಸ ಮಾಡುತ್ತಿದ್ದಾರೆ, ಮಕ್ಕಳನ್ನು ಹೆರುತ್ತಿದ್ದಾರೆ, ಆದರೆ ದೇಶದ ಲೆಕ್ಕದಲ್ಲಿ ಯಾರೂ ಇಲ್ಲ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಎದುರಿಗೆ ಸಿಕ್ಕ ಜವಾನನ ಮೇಲೆ ರೇಗುತ್ತಿದ್ದೆ.

ಎರಡು ವರ್ಷದ ಮೇಲೆ ಹೊಸ ಶಾಲೆಗಳ ಮಾತು ಬಂದಾಗ ನಾಯಕ ಕೋಲೂರಿಕೊಂಡು ಅರ್ಜಿ ಹಿಡಿದು ಬಂದ. ಸಂಬಂಧಪಟ್ಟವರು ಲೆಕ್ಕದ ಪುಸ್ತಕ ತೆಗೆದು ನೋಡಿದರು. ತಾಂಡಾ, ಜನ ಹನ್ನೊಂದು, ಎಲ್ಲ ಮುದುಕರು, ಮಕ್ಕಳು ಇಲ್ಲ. "ಮಕ್ಕಳಿಲ್ಲದ ಊರಿಗೆ ಶಾಲೆ ಯಾಕಯ್ಯ?" ಎಂದರು. ಅವರು ಗೇಲಿ ಮಾಡಿದ್ದಲ್ಲ, ಪುಸ್ತಕದಲ್ಲಿ ಇದ್ದದ್ದೇ ಹಾಗೆ. ಅದರ ಕೆಳಗೆ ಮೇಷ್ಟ್ರದೇ ಸಹಿ. ಶಾಲೆ ಇನ್ನೊಂದು ಹಳ್ಳಿಗೆ ಹೋಯಿತು. ನಾಯಕ ನನ್ನ ಹತ್ತಿರ ಬಂದು, "ಅವ್ವ, ಮೇಷ್ಟ್ರು ಬರ್ಕೊಂಡಿದ್ದು ಎಲ್ಲೋಯ್ತು?" ಎಂದು ಕೇಳಿದ. ಮುಂದಿನ ಸಲ ಬರುತ್ತೆ ಅಜ್ಜ ಎಂದು ಏನೋ ಹೇಳಿ ಕಳಿಸಿದೆ. ಅವನು ಅದನ್ನೂ ನಂಬಿದ.

ಮೇಷ್ಟ್ರು ಆಮೇಲೆ ನಿವೃತ್ತಿಯಾಗುವ ತನಕ ಒಂದು ಕೆಲಸ ಮಾಡಿದರು. ಮಕ್ಕಳು ಊರಲ್ಲಿರುವ ತಿಂಗಳುಗಳಲ್ಲಿ, ಶಾಲೆ ಬಿಟ್ಟಮೇಲೆ ಹಳ್ಳ ದಾಟಿ ತಾಂಡಾಕ್ಕೆ ಹೋಗಿ ಹುಣಸೆಮರದ ಕೆಳಗೆ ಪಾಠ ಹೇಳುತ್ತಿದ್ದರು. ನೀರು ಹೆಚ್ಚಿದ್ದರೆ ಪಂಚೆ ಸೊಂಟಕ್ಕೆ ಕಟ್ಟಿ ದಾಟುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲಿಲ್ಲ. ಕಾರ್ತೀಕ ಕಳೆಯುತ್ತಿದ್ದಂತೆ ಮಕ್ಕಳು ಮತ್ತೆ ಲಾರಿ ಹತ್ತುತ್ತಿದ್ದವು. ಯುಗಾದಿಯ ಹೊತ್ತಿಗೆ ವಾಪಸ್ಸು ಬಂದಾಗ ಅರ್ಧಕ್ಕರ್ಧ ಮರೆತಿರುತ್ತಿದ್ದವು. "ಪ್ರತಿ ವರ್ಷ ಅ ಆ ಇ ಈ ಕಣವ್ವ. ಕ ತನಕ ಹೋಗೋದ್ರೊಳಗೆ ಲಾರಿ ಬಂದ್ಬುಡ್ತದೆ" ಎನ್ನುತ್ತಿದ್ದರು. ಆಮೇಲಾಮೇಲೆ ಕೆಲವು ಸಂಸಾರಗಳು ತೋಟದಲ್ಲೇ ಉಳಿದವು. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು ಹೋದರು, ಕೆಲವರು ಬೆಂಗಳೂರಿನಲ್ಲಿ ಗಾರೆ ಹೊರಲು ಹೋದರು. ತಾಂಡಾದಲ್ಲಿ ನಿಜವಾಗಿಯೂ ಮುದುಕರೇ ಉಳಿಯತೊಡಗಿದರು. ಪುಸ್ತಕದಲ್ಲಿದ್ದ ಸುಳ್ಳು ನಿಧಾನಕ್ಕೆ ನಿಜವಾಗುತ್ತಿತ್ತು. ಮೇಷ್ಟ್ರು ಅದನ್ನು ಕಣ್ಣಾರೆ ನೋಡಿದರು.

ಎಂಬತ್ತೊಂಬತ್ತರ ಕೊನೆಗೆ ಅವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ ಎಂದು ಡಾಕ್ಟರು ಹೇಳಿದ್ದರು. ನಾನು ಬಿಸ್ಕತ್ತು, ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದೆ. ಮಾತು ಕಷ್ಟವಾಗಿತ್ತು. ಅವರ ಸೊಸೆ ಹಿಂದೆ ದಿಂಬು ಕೊಟ್ಟು ಕೂರಿಸಿದಳು. ನನ್ನ ಯೋಗಕ್ಷೇಮ ಕೇಳಲಿಲ್ಲ, ನನ್ನ ಮಕ್ಕಳ ಬಗ್ಗೆ ಕೇಳಲಿಲ್ಲ. "ಮುಂದಿನ ಗಣತಿ ಯಾವ ತಿಂಗಳಂತವ್ವ?" ಎಂದರು.

ತೊಂಬತ್ತೊಂದರ ಕೆಲಸದ ಬಗ್ಗೆ ಕಚೇರಿಯಲ್ಲಿ ಆಗಲೇ ಮಾತಾಡುತ್ತಿದ್ದರು. ನನಗೆ ಗೊತ್ತಿತ್ತು. ಒಂದು ಸುಳ್ಳು ಹೇಳಬಹುದಿತ್ತು, ಜೂನ್ ಎನ್ನಬಹುದಿತ್ತು. ಯಾರ ಗಂಟು ಹೋಗುತ್ತಿತ್ತು? ಆದರೆ ಆ ಮನುಷ್ಯರ ಮುಂದೆ ನಾಲಗೆ ಹೊರಳಲಿಲ್ಲ.

"ಫೆಬ್ರವರಿನೇ ಸಾರ್."

ಅವರು ಸೂರು ನೋಡುತ್ತಾ, "ಕೊಯ್ಲು ಮುಗ್ದಿರಾಕಿಲ್ಲ" ಎಂದರು. "ಇಲ್ಲ ಸಾರ್" ಎಂದೆ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ನೀನೊಂದ್ಸಲ ಹೋಗಿ ಅವ್ರಿಗೆ ಹೇಳ್ಬುಡವ್ವ. ನಂಬರು ಬಿದ್ದ ಮಾತ್ರಕ್ಕೆ ಬರ್ದಂಗಲ್ಲ, ಎಲ್ಲಿದ್ರೆ ಅಲ್ಲೇ ಬರ್ಸಿ, ಮೇಷ್ಟ್ರದು ತಪ್ಪಾಯ್ತಂತೆ ಅಂತ ಹೇಳು" ಎಂದರು. ಹೂಂ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅದೇ ಕೊನೆ. ಸಂಕ್ರಾಂತಿ ಕಳೆದ ವಾರದಲ್ಲಿ ಹೋಗಿಬಿಟ್ಟರು. ಸುತ್ತಿನ ಹಳ್ಳಿಯವರೆಲ್ಲ ಬಂದಿದ್ದರು. ತಾಂಡಾದಿಂದ ಇಬ್ಬರು ಮುದುಕರು ಬಂದಿದ್ದರು. ಉಳಿದವರೆಲ್ಲ ಕೊಯ್ಲಿಗೆ ಹೋಗಿದ್ದರು.

ಯುಗಾದಿಯ ನಂತರ, ಜನ ಊರಿಗೆ ಬಂದಿರುತ್ತಾರೆ ಎಂದು ನಾನು ತಾಂಡಾಕ್ಕೆ ಹೋದೆ. ನಾಯಕ ಸತ್ತಿದ್ದ. ಹನ್ನೆರಡು ಹದಿಮೂರು ಗುಡಿಸಲಿನಲ್ಲಿ ಮಾತ್ರ ಒಲೆ ಹೊಗೆಯಾಡುತ್ತಿತ್ತು. ಹಿಂದೆ ಲೈನ್ ಮನೆಯಲ್ಲಿ "ನಮ್ದು ಹದಿನೇಳು" ಎಂದು ನಕ್ಕಿದ್ದ ಹೆಂಗಸು ಗುರುತು ಹಿಡಿದು, ಕೈ ಹಿಡಿದು ಕೂರಿಸಿದಳು. ಮೇಷ್ಟ್ರ ಸುದ್ದಿ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಸುತ್ತ ಇನ್ನೂ ನಾಲ್ಕೈದು ಜನ ಸೇರಿದರು. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಕೊಂಡಿದ್ದೆ.

"ಮುಂದಿನ ವರ್ಷ ಗಣತಿ ಬರುತ್ತೆ. ಆಗ ನೀವು ಎಲ್ಲೇ ಇರಿ, ಬಂದವರಿಗೆ ಹೆಸರು ಬರೆಸಬೇಕು" ಎಂದು ಶುರುಮಾಡಿದೆ.

ಅವಳು ನನ್ನ ಮೊಣಕಾಲು ಮುಟ್ಟಿ, ನನಗೇ ಸಮಾಧಾನ ಹೇಳುವವಳಂತೆ, "ನಮ್ದು ಯೋಚ್ನೆ ಮಾಡ್ಬೇಡ ಕಣವ್ವ. ನಮ್ದೆಲ್ಲಾ ಬರ್ದಾಗೈತೆ. ಮೇಷ್ಟ್ರೇ ಅಷ್ಟು ದೂರ ಬಂದು ಬರ್ಕೊಂಡೋಗವ್ರೆ, ಎಲ್ಡು ಸಲ. ನೀನೂ ಇದ್ಯಲ್ಲ" ಎಂದಳು.

ಸುತ್ತ ನಿಂತವರು ತಲೆಯಾಡಿಸಿದರು. ನಾನು ಹೂಂ ಎಂದೆ. ಅವಳು ಕೊಟ್ಟ ನೀರು ಕುಡಿದು, ಮೂರು ಗಂಟೆಯ ಬಸ್ಸಿಗೆ ಎದ್ದು ಬಂದೆ.